ಅಡುಗೆ ಕಟ್ಟೆಯ ಕಲ್ಲು ತಡವಾದ ಕಾರಣ

ಕಲ್ಲಿನಂಗಡಿಯ ಉದಯ ನಾಲ್ಕು ತಿಂಗಳಲ್ಲಿ ನನ್ನ ಕೈಗೆ ಕೊಟ್ಟ ಸ್ಯಾಂಪಲ್‌ಗಳು ಒಟ್ಟು ಹನ್ನೊಂದು. ಎಲ್ಲವೂ ಅಂಗೈಯಗಲದ ಕ್ವಾರ್ಟ್ಜ್ ತುಂಡುಗಳು, ಹಿಂಬದಿಗೆ ಕಂಪನಿಯ ಹೆಸರಿನ ಚೀಟಿ. ಆರ್ವೆನಾದವು ಐದು, ಕಲ್ಡೋರಾದವು ನಾಲ್ಕು, ಮೆರಿಡಾನ್‌ನವು ಎರಡು. "ಎಲ್ಲಾ ಬಿಪಿ ಮಾತ್ರೆ ಹೆಸರಿನ ಹಾಂಗೆ ಉಟ್ಟು" ಎಂದು ಅತ್ತೆ ಮೊದಲ ದಿನವೇ ಹೇಳಿಬಿಟ್ಟಿದ್ದರು. ಅವರ ಮಾತಿನಲ್ಲಿ ಉಟ್ಟು ಎಂದರೆ ಇದೆ.

ನಮ್ಮ ಮನೆ ಮಾದಾಪುರದಿಂದ ಎರಡು ಮೈಲಿ ಒಳಗೆ. ಅಡುಗೆ ಕಟ್ಟೆಗೆ ಇರುವುದು ಮೂವತ್ತು ವರ್ಷದ ಹಿಂದೆ ಮಾವ ಹಾಕಿಸಿದ ಕಪ್ಪು ಕಡಪ ಕಲ್ಲು. ಸಿಂಕಿನ ಬದಿಗೆ ಅದು ಬಿರುಕು ಬಿಟ್ಟು, ನೀರು ಕೆಳಗಿಳಿದು, ಅಕ್ಕಿ ಡಬ್ಬಿಯ ತಳಕ್ಕೆ ತುಕ್ಕು ಹಿಡಿದಿತ್ತು. ಡಿಸೆಂಬರಿನಲ್ಲಿ ನನ್ನ ಗಂಡ ಶಶಿಧರ ಹೊಸ ಅಡುಗೆಮನೆಯ ತೀರ್ಮಾನ ಮಾಡಿದ. ಕಪಾಟುಗಳು ಸೋಮವಾರಪೇಟೆಯಿಂದ ಬಂದು ರಟ್ಟಿನ ಹೊದಿಕೆಯಲ್ಲೇ ಜಗುಲಿಯಲ್ಲಿ ನಿಂತವು. ಉಳಿದದ್ದು ಮೇಲಿನ ಕಲ್ಲು ಮಾತ್ರ. ಅದನ್ನು ಆರಿಸುವ ಕೆಲಸ ನನ್ನ ಪಾಲಿಗೆ ಬಂತು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು, ಯಾವುದನ್ನೂ ಪಟ್ಟಿ ಹಾಕದೆ ಕೊಳ್ಳುವವಳಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು.

ಹಾಗಾಗಿ ನೋಟುಬುಕ್ಕಿನಲ್ಲಿ ಗೆರೆ ಹಾಕಿದೆ. ದಪ್ಪ ಎಷ್ಟು, ಕಲ್ಲಿನ ಪುಡಿ ಹಿಡಿದಿಡುವ ಅಂಟು ಎಷ್ಟು ಪಾಲು, ಹೊಳಪಿನದೋ ಮಂಕು ಮೈಯದೋ, ವಾರಂಟಿ ಎಷ್ಟು ವರ್ಷ, ವಾರಂಟಿ ಯಾವುದಕ್ಕೆ ಇಲ್ಲ. ಕೊನೆಯದಕ್ಕೆ ಒಂದಿಡೀ ಪುಟ ಬೇಕಾಯಿತು. ಪ್ರತಿ ಎರಡನೆಯ ಶನಿವಾರ ಕುಶಾಲನಗರದ ಅಂಗಡಿಗೆ ಹೋಗಿ ಹೊಸ ಪ್ರಶ್ನೆ ಕೇಳುತ್ತಿದ್ದೆ. ಮಂಕು ಮೈಯ ಕಲ್ಲಿಗೆ ಅರಿಶಿನ ಹಿಡಿಯುತ್ತದೆಯೇ? ಜೋಡಣೆ ಎಲ್ಲಿ ಬರುತ್ತದೆ? ಅಂಚು ಉರುಟೋ ಚೌಕವೋ?

"ಟೀಚರೇ, ಮದ್ವೆಗೆ ಗಂಡು ನೋಡೋರೂ ಇಷ್ಟು ವಿಚಾರ್ಸಲ್ಲ" ಎಂದ ಉದಯ ಒಮ್ಮೆ.

"ಗಂಡಿಗೆ ವಾರಂಟಿ ಕಾರ್ಡ್ ಇರಲ್ವಲ್ಲ ಉದಯ, ಅದಕ್ಕೆ ಯಾರೂ ಕೇಳಲ್ಲ" ಎಂದೆ. ಶಶಿಧರ ಪಕ್ಕದಲ್ಲೇ ನಿಂತಿದ್ದ. ಅವನು ಗೋಡೆಯ ಕ್ಯಾಲೆಂಡರ್ ಓದತೊಡಗಿದ.

ಎಲ್ಲರೂ ನನ್ನನ್ನು ಅತಿ ನಾಜೂಕಿನವಳು ಎಂದುಕೊಂಡರು. ನಾನೂ ಹಾಗೇ ಬಿಟ್ಟೆ. ನಿಜವೆಂದರೆ ಜನವರಿ ಮುಗಿಯುವುದರೊಳಗೆ ನನಗೆ ಕಲ್ಲುಗಳ ವಿಷಯ ಎಲ್ಲ ತಿಳಿದಿತ್ತು. ನಾನು ಆರಿಸುತ್ತಿರಲಿಲ್ಲ, ದಿನ ತಳ್ಳುತ್ತಿದ್ದೆ. ಅತ್ತೆಗೆ ಮರೆವಿನ ರೋಗ ಶುರುವಾಗಿದೆ ಎಂದು ನನಗೆ ಅನುಮಾನವಿತ್ತು, ಮತ್ತು ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಇರಲಿಲ್ಲ.

ಅತ್ತೆಯ ಅಕ್ಕ ಬೊಳ್ಳಮ್ಮನವರಿಗೆ ಆ ರೋಗ ಬಂದಿತ್ತು. ಮೊದಲು ಹೆಸರುಗಳು ಹೋದವು, ಆಮೇಲೆ ಮುಖಗಳು. ಆದರೂ ಅಡುಗೆಮನೆಯಲ್ಲಿ ಮಾತ್ರ ಅವರ ಕೈ ತಪ್ಪುತ್ತಿರಲಿಲ್ಲ. ಅಕ್ಕಿ ತೊಳೆಯುತ್ತಿದ್ದರು, ರೊಟ್ಟಿ ತಟ್ಟುತ್ತಿದ್ದರು. ಆಮೇಲೆ ಅವರ ಮಗ ಅಮ್ಮನಿಗೆ ಅನುಕೂಲವಾಗಲಿ ಎಂದು ಅಡುಗೆಮನೆಯನ್ನು ಹೊಸದಾಗಿ ಮಾಡಿಸಿದ. ಟೈಲ್ಸ್ ಹಾಕಿ ಮುಗಿದ ದಿನ ಬೊಳ್ಳಮ್ಮ ಬಾಗಿಲಲ್ಲಿ ನಿಂತು, "ಇದ್ ಯಾರ ಮನೆ?" ಎಂದು ಕೇಳಿದರು. ಆಮೇಲೆ ಸಾಯುವವರೆಗೂ ಒಳಗೆ ಕಾಲಿಡಲಿಲ್ಲ. ಅವರನ್ನು ಆಸ್ಪತ್ರೆಗೆ ಕರೆದೊಯ್ದಾಗ ಸಿಕ್ಕಿದ ಕರಪತ್ರದಲ್ಲಿ, ಇಂಥವರು ಓಡಾಡುವ ಜಾಗವನ್ನು ದಿಢೀರನೆ ಬದಲಿಸಬೇಡಿ ಎಂದು ಬರೆದಿತ್ತು. ನಾವೆಲ್ಲ ಅದನ್ನು ತಡವಾಗಿ ಓದಿದೆವು.

ಅತ್ತೆಯ ವಿಷಯದಲ್ಲಿ ನಾನು ಕಂಡದ್ದು ಹೀಗೆ. ಹಾಲನ್ನು ಲೋಟದ ಹೊರಗೆ ಸುರಿದರು. ಮಾದಾಪುರದ ಬಸ್‌ಸ್ಟ್ಯಾಂಡಿನಲ್ಲಿ ಇಪ್ಪತ್ತು ವರ್ಷದ ಗೆಳತಿ ಸರ್ವಮಂಗಳ ಕೈ ಎತ್ತಿ ಕರೆದರೆ ಅಪರಿಚಿತರನ್ನು ನೋಡಿದಂತೆ ನೋಡಿ ಮುಂದೆ ನಡೆದರು. ಪೇಪರ್ ಓದುವುದನ್ನು ಬಿಟ್ಟರು. ಕೇಳಿದರೆ, "ಎಂತ ಉಟ್ಟು ಅದ್ರಲ್ಲಿ, ಬರೀ ಬೇಜಾರ್" ಎಂದರು. ಅಂಗಡಿಯಿಂದ ನಾನು ತಂದ ಹನ್ನೊಂದು ಕಲ್ಲುಗಳಲ್ಲಿ ಒಂದೊಂದನ್ನೂ, ಏನೂ ಕಾರಣ ಕೊಡದೆ, "ಬೊತ್ತು", ಬೇಡ, ಎಂದು ತಳ್ಳಿದರು.

ಎಲ್ಲಕ್ಕಿಂತ ನನ್ನನ್ನು ಹೆದರಿಸಿದ್ದು ಒಂದು ಬೆಳಗಿನ ರೊಟ್ಟಿ. ನಮ್ಮಲ್ಲಿ ಜೇನೂ ಕಾಚಂಪುಳಿಯೂ ಒಂದೇ ಥರದ ಹಳೆಯ ರಮ್ ಬಾಟಲಿಗಳಲ್ಲಿ ಇರುತ್ತವೆ. ಕಾಚಂಪುಳಿ ಎಂದರೆ ಹಂದಿ ಸಾರಿಗೆ ಹಾಕುವ ಕಪ್ಪು ಹುಳಿ. ಎರಡು ಹನಿ ಹೆಚ್ಚಾದರೆ ಹಲ್ಲು ಚುಳ್ಳೆನ್ನುತ್ತದೆ. ಅತ್ತೆ ಅದನ್ನು ಶಶಿಧರನ ಅಕ್ಕಿ ರೊಟ್ಟಿಯ ಮೇಲೆ ಜೇನೆಂದು ಧಾರಾಳವಾಗಿ ಸುರಿದರು. ಅವನು ಒಂದು ತುತ್ತು ಬಾಯಿಗಿಟ್ಟು, ಕಣ್ಣು ಮುಚ್ಚಿ, ನೀರಿನ ಲೋಟಕ್ಕೆ ಕೈ ಚಾಚಿದ.

"ಅವ್ವ, ನನ್ನ ಮೇಲೆ ಎಂತಾರೂ ಸಿಟ್ಟಿದ್ರೆ ಬಾಯಲ್ಲಿ ಹೇಳ್" ಎಂದ ಆಮೇಲೆ.

ಅವನು ನಕ್ಕ. ಅತ್ತೆಯೂ ನಕ್ಕರು, ಆದರೆ ತಕ್ಷಣ ಬಾಟಲಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡರು. ಆ ಮುಚ್ಚಿಕೊಂಡ ಕೈಯನ್ನು ನಾನು ನೋಡಿದೆ. ಆ ದಿನದಿಂದ ದಿನಕ್ಕೊಂದು ಪ್ರಶ್ನೆ ಉಪಾಯವಾಗಿ ಕೇಳತೊಡಗಿದೆ. ಅತ್ತೆ, ಇವತ್ತು ಯಾವ ವಾರ? ನಿನ್ನೆ ರಾತ್ರಿ ಏನು ಪಲ್ಯ ಮಾಡಿದ್ದೆವು? ಅವರು ಪ್ರತಿ ಸಲವೂ ಸರಿಯಾಗಿ ಹೇಳುತ್ತಿದ್ದರು. ಬೊಳ್ಳಮ್ಮನವರೂ ಮೊದಮೊದಲು ಸರಿಯಾಗಿಯೇ ಹೇಳುತ್ತಿದ್ದರು ಎಂದುಕೊಂಡು ನಾನು ಮತ್ತೆ ಹೆದರುತ್ತಿದ್ದೆ.

ಮಾರ್ಚ್ ಕೊನೆಯ ಭಾನುವಾರ ಶಶಿಧರ ಖಡಾಖಂಡಿತವಾಗಿ ಹೇಳಿದ. "ಕಾವ್ಯಾ, ಜಗುಲಿಲಿ ಕಪಾಟಿನೊಳಗೆ ಹೆಗ್ಗಣ ಸಂಸಾರ ಹೂಡಿರ್‌ಬೌದು. ಇವತ್ತು ಸಂಜೆ ಒಳಗೆ ಒಂದು ಹೆಸರು ಹೇಳು. ಯಾವುದಾದ್ರೂ ಸರಿ."

ಬೇರೆ ದಾರಿ ಇರಲಿಲ್ಲ. ಹನ್ನೊಂದು ತುಂಡುಗಳನ್ನೂ ಹಳೆಯ ಕಡಪ ಕಲ್ಲಿನ ಮೇಲೆ ಸಾಲಾಗಿ ಇಟ್ಟೆ. ಹಿಂದಿನ ರಾತ್ರಿಯೇ ಒಂದೊಂದಕ್ಕೂ ಮೂಲೆಯಲ್ಲಿ ಎಣ್ಣೆ ಕಲಸಿದ ಅರಿಶಿನ, ಇನ್ನೊಂದು ಮೂಲೆಯಲ್ಲಿ ಕಾಫಿ ಡಿಕಾಕ್ಷನ್, ಮತ್ತೊಂದರಲ್ಲಿ ಕಾಚಂಪುಳಿ ಹಚ್ಚಿಟ್ಟಿದ್ದೆ. ಈಗ ಸೋಪು ನೀರಿನಲ್ಲಿ ಒರೆಸಿದೆ. ಆರ್ವೆನಾದ ಮಂಕು ಮೈಯ ತುಂಡಿನಲ್ಲಿ ಅರಿಶಿನದ ನೆರಳು ಉಳಿಯಿತು. ಕಲ್ಡೋರಾದಲ್ಲಿ ಏನೂ ಉಳಿಯಲಿಲ್ಲ. ಮೆರಿಡಾನ್ ಕೂಡ ಸ್ವಚ್ಛವಾಯಿತು, ಆದರೆ ಒಲೆಯಿಂದ ಇಳಿಸಿದ ಕಬ್ಬಿಣದ ಕಾವಲಿಯನ್ನು ನೇರವಾಗಿ ಅದರ ಮೇಲಿಟ್ಟಾಗ ಬಿಳಚಿದ ಕಲೆಯೊಂದು ಎದ್ದಿತು. ಉದಯ ಮೊದಲೇ ಹೇಳಿದ್ದ: ಯಾವ ಕಂಪನಿಯದಾದರೂ ಕ್ವಾರ್ಟ್ಜ್‌ನಲ್ಲಿ ಅಂಟು ಇರುತ್ತದೆ, ಬಿಸಿ ಪಾತ್ರೆಗೆ ಕೆಳಗೆ ಏನಾದರೂ ಇಡಲೇಬೇಕು. ನಾನು ಇದನ್ನೂ ಬರೆದುಕೊಂಡೆ.

ಅತ್ತೆ ಬಾಗಿಲಿಗೆ ಬಂದು ನಿಂತರು. "ಕಲ್ಲಿಗೆ ಸಾರ್ ಬಡಿಸಿಯಾ?"

"ಪರೀಕ್ಷೆ ಅತ್ತೆ. ಬನ್ನಿ, ನೀವೂ ನೋಡಿ. ಈ ಮೂರು ಬಿಳಿಯಲ್ಲಿ ನಿಮಗೆ ಯಾವುದು ಹಿಡಿಸುತ್ತೆ?"

ಮೂರನ್ನು ಅವರ ಮುಂದೆ ಸರಿಸಿದೆ. ಒಂದು ಆರ್ವೆನಾದ ಅಚ್ಚ ಬಿಳಿ. ಒಂದು ಕಲ್ಡೋರಾದ ಕೆನೆ ಬಣ್ಣ. ಇನ್ನೊಂದು ಮೆರಿಡಾನ್, ಬಿಳಿಯ ಮೇಲೆ ಬೂದು ಗೆರೆಗಳು ಹರಿದದ್ದು. ಅತ್ತೆ ಬಗ್ಗಿ, ಒಂದೊಂದನ್ನೂ ಬೆರಳಿನಿಂದ ಸವರಿದರು.

"ಮೂರೂ ಒಂದೇ ಅಲ್ವಾ. ಒಂದೇ ಕಲ್ಲಿಗೆ ಮೂರ್ ಹೆಸರಿಟ್ಟು ಮಾರ್ದು. ನಿನ್ನ ಉದಯ ಬುದ್ಧಿವಂತ."

ನನಗೆ ಮೊದಲು ನಗು ಬಂತು. ಆಮೇಲೆ ಬೂದು ಗೆರೆಗಳನ್ನು ನೋಡಿದೆ. ಹಗ್ಗದಷ್ಟು ದಪ್ಪನೆಯ ಗೆರೆಗಳು.

"ಬಣ್ಣ ಯಾವುದು ಅನ್ನಿಸುತ್ತೆ ಅತ್ತೆ?"

"ಎಂತ ಬಣ್ಣ. ಹಳದಿ. ಹಳೇ ಪಂಚೆ ಹಾಂಗೆ."

ತರಗತಿಯಲ್ಲಿ ಮಕ್ಕಳಿಗೆ ನಾನು ಹೇಳುವುದು ಒಂದೇ ಮಾತು: ಅವಸರದಲ್ಲಿ ತೀರ್ಮಾನಕ್ಕೆ ಬರಬೇಡಿ, ಇನ್ನೊಂದು ಸಲ ಬೇರೆ ಥರ ಮಾಡಿ ನೋಡಿ. ಡಬ್ಬಿಯಿಂದ ಹಿಡಿಯಕ್ಕಿ ತೆಗೆದು ಹತ್ತು ಕಾಳು ಕಪ್ಪು ಕಲ್ಲಿನ ಮೇಲೆ, ಹತ್ತು ಕಾಳು ಅಚ್ಚ ಬಿಳಿಯ ಕಲ್ಲಿನ ಮೇಲೆ ಉದುರಿಸಿದೆ.

"ಇದನ್ನ ಸ್ವಲ್ಪ ಆರಿಸಿಕೊಡಿ."

"ನಿಂಗೆ ಎಂತ ಆಗುಟ್ಟು ಇವತ್ತು" ಎನ್ನುತ್ತಲೇ ಅವರು ಕಪ್ಪು ಕಲ್ಲಿನ ಮೇಲಿನ ಅಕ್ಕಿಯನ್ನು ಕೋಳಿ ಹೆಕ್ಕಿದಂತೆ ಹೆಕ್ಕಿ ಮುಗಿಸಿದರು. ಬಿಳಿಯ ಕಲ್ಲಿಗೆ ಬಂದಾಗ ಬೆರಳುಗಳು ನಿಂತವು. ಅಂಚಿನಿಂದ ಅಂಚಿಗೆ ತಡವಿ, ಮೂರು ಕಾಳು ಸಿಕ್ಕಿ, ಉಳಿದವು ಕೆಳಗೆ ಬಿದ್ದವು. ಅವರು ತಲೆ ಎತ್ತಲಿಲ್ಲ.

ನಾನು ಹಳೆಯ ಕಪಾಟಿಗೆ ಬೆನ್ನು ಕೊಟ್ಟು ಅಡ್ಡ ನಿಂತೆ. "ಅತ್ತೆ, ನನ್ನ ಹಿಂದೆ ಮೂರನೇ ಹಲಗೆಯಲ್ಲಿ ಏನೇನಿದೆ ಹೇಳಿ."

"ಏಕೆ?"

"ಸುಮ್ಮನೆ ಹೇಳಿ."

ಅವರು ನಿಟ್ಟುಸಿರು ಬಿಟ್ಟು ಪಾಠ ಒಪ್ಪಿಸುವವರಂತೆ ಹೇಳತೊಡಗಿದರು. ಎಡಗಡೆ ಕಲ್ಲುಪ್ಪಿನ ಭರಣಿ, ಅದಕ್ಕೆ ಮುಚ್ಚಳ ಬೇರೆ ಭರಣಿಯದು. ಪಕ್ಕದಲ್ಲಿ ಕಾಳುಮೆಣಸು, ಅರ್ಧಕ್ಕಿಂತ ಕಡಿಮೆ ಇದೆ. ಆಮೇಲೆ ನಿನ್ನ ಅಮ್ಮ ಕುಶಾಲನಗರದಿಂದ ಕಳಿಸಿದ ಹುರಳಿ, ಹೋದ ತಿಂಗಳು ಹನ್ನೆರಡಕ್ಕೆ ಬಂದದ್ದು, ಹುಳ ಬೀಳುವ ಮೊದಲು ಬಿಸಿಲಿಗೆ ಹಾಕಬೇಕು. ಅದರ ಹಿಂದೆ ನೀನು ಬಚ್ಚಿಟ್ಟ ಗೋಡಂಬಿ.

"ಆಮೇಲೆ ಕಾಚಂಪುಳಿ, ಆಮೇಲೆ ಜೇನು. ಮೂವತ್ತು ವರ್ಷಂದ ಜೇನು ಎಡಕ್ಕೆ, ಕಾಚಂಪುಳಿ ಬಲಕ್ಕೆ ಇತ್ತ್. ಕಪಾಟಿನ ಅಳತೆಯವ ಬಂದ ದಿನ ನೀ ಎಲ್ಲಾ ಇಳ್ಸಿ ಅದ್ಲುಬದ್ಲು ಇಟ್ಟೆ. ನಂಗೆ ಗೊತ್ತಾದ್ದ್ ಶಶಿ ರೊಟ್ಟಿ ತಿಂದ ಮೇಲೆ."

ನಾನು ಅಲ್ಲೇ ಇದ್ದ ಮಣೆಯ ಮೇಲೆ ಕುಳಿತುಬಿಟ್ಟೆ. ಬಾಟಲಿಗಳನ್ನು ಅದಲುಬದಲು ಮಾಡಿದವಳು ನಾನು. ಅತ್ತೆ ಏನನ್ನೂ ಮರೆತಿರಲಿಲ್ಲ. ಇಷ್ಟು ದಿನ ಅವರು ಅಡುಗೆ ಮಾಡಿದ್ದೇ ನೆನಪಿನಿಂದ, ಏಕೆಂದರೆ ಅವರಿಗೆ ಕಾಣುತ್ತಿರಲಿಲ್ಲ.

"ಯಾವಾಗಿನಿಂದ ಅತ್ತೆ?"

ಅವರು ಕಪ್ಪು ಕಲ್ಲಿನ ಮೇಲೆ ಅಂಗೈ ಊರಿದರು. "ಹೋದ ವರ್ಷ ಕಾಫಿ ಕುಯ್ಲಿನ ಸಮಯಂದ. ಮೊದ್ಲು ಲೈಟಿನ ಸುತ್ತ ಬಳೆ ಹಾಂಗೆ ಕಾಣ್ತಿತ್ತ್. ಈಗ ಮುಖ ಎಲ್ಲಾ ಮಂಜಿನೊಳಗೆ ಇದ್ದ ಹಾಂಗೆ."

"ಹೇಳಬಾರದಿತ್ತಾ?"

"ಹೇಳಿರೆ ನೀ ಮೊದ್ಲು ನನ್ನ ಕೈಂದ ಚಾಕು ತೆಗ್ದಿಡ್ತಿದ್ದೆ. ಅಲ್ಲಂತ ಹೇಳ್."

ನಾನು ಕೆಳಗೆ ಬಿದ್ದ ಅಕ್ಕಿ ಕಾಳು ಹೆಕ್ಕತೊಡಗಿದೆ.

"ಮತ್ತೆ ನೀವಿಬ್ಬರೂ ಈ ಕೋಣೆ ಒಡಿತೇವೆ ಅಂತ ಹೊರ್‌ಟದ್ದ್. ಒಡ್ದರೆ ಎಲ್ಲಿ ಎಂತ ಉಟ್ಟುಂತ ನಂಗೆ ಗೊತ್ತಾದುಲೆ. ಅದ್ಕೆ ನೀ ತಂದ ಕಲ್ಲೆಲ್ಲಾ ಬೊತ್ತು ಬೊತ್ತು ಅಂತ ಹೇಳ್ತಿದ್ದೆ. ನೀನೂ ಮತ್ತೊಂದು, ಮತ್ತೊಂದು ಅಂತ ತರ್ತಿದ್ದೆ. ಒಳ್ಳೇದೇ ಆತ್ ಅಂತ ಇದ್ದೆ."

ಆಗ ನಾನೂ ನನ್ನ ಅನುಮಾನವನ್ನು ಹೇಳಿಬಿಟ್ಟೆ. ಬೊಳ್ಳಮ್ಮ ದೊಡ್ಡಮ್ಮನ ಹೆಸರು ಎತ್ತಿದ ಕೂಡಲೇ ಅವರ ಮುಖ ಗಂಭೀರವಾಯಿತು.

"ಅದ್ಕೆಯಾ ದಿನಾ ಬೆಳಿಗ್ಗೆ ಇವತ್ತು ಎಂತ ವಾರ, ನಿನ್ನೆ ಎಂತ ಪಲ್ಯ ಅಂತ ಕೇಳ್ತಿದ್ದದ್?"

ತಲೆಯಾಡಿಸಿದೆ. ಅದು ಅವರಿಗೆ ಕಂಡಿರಲಾರದು ಎಂದು ನೆನಪಾಗಿ, "ಹೂಂ" ಎಂದೆ.

"ನಾ ನಿಂಗೇ ಮರೆವು ಬಾತ್ ಅಂತ ತಿಳ್ಕಂಡಿದ್ದೆ. ಇಷ್ಟು ಓದಿದ ಹೆಣ್ಣು, ವಾರ ಗೊತ್ತಾದುಲೆ ಅಂತ. ಶಶಿಗೆ ಹೇಳೋದಾ ಬೇಡ್ವಾ ಅಂತ ಎರಡು ತಿಂಗಳಿಂದ ನಿದ್ದೆ ಇಲ್ಲೆ ನಂಗೆ."

ಇಬ್ಬರೂ ನಗತೊಡಗಿದೆವು. ನಕ್ಕು ನಕ್ಕು ನನ್ನ ಕಣ್ಣಲ್ಲಿ ನೀರು ಬಂತು. ಹೊರಗಿನಿಂದ ಶಶಿಧರ, "ಹೆಸರು ಸಿಕ್ಕಿತಾ?" ಎಂದು ಕೂಗಿದ.

ಆದರೆ ಸಂಜೆಯ ಹೊತ್ತಿಗೆ ನನಗೆ ಹೊಸ ಹೆದರಿಕೆ ಹಿಡಿಯಿತು. ಮರೆವು ಅಲ್ಲ ಸರಿ, ಕಣ್ಣಿಗೇನು? ಪೊರೆಯಾದರೆ ತೆಗೆಯಬಹುದು. ಕಣ್ಣಿನ ಒತ್ತಡವಾದರೆ, ನರ ಒಣಗಿದ್ದರೆ, ಹೋದದ್ದು ಮರಳಿ ಬರುವುದಿಲ್ಲ. ಮರುದಿನ ಶಾಲೆಗೆ ರಜೆ ಬರೆದು ಅತ್ತೆಯನ್ನು ಮಡಿಕೇರಿಯ ಕಣ್ಣಿನ ಡಾಕ್ಟರ ಬಳಿ ಕರೆದೊಯ್ದೆವು. ಶಶಿಧರನಿಗೆ ದಾರಿಯಲ್ಲಿ ಎಲ್ಲ ಹೇಳಿದೆ. ಅವನು ತಿರುವುಗಳಲ್ಲಿ ಎಂದಿಗಿಂತ ನಿಧಾನವಾಗಿ ಕಾರು ಓಡಿಸಿದ. ಒಮ್ಮೆ ಮಾತ್ರ, "ನಾನು ದಿನಾ ಎದುರಿಗೇ ಕೂತು ತಿಂತಿದ್ದೆ" ಎಂದ.

ಕಣ್ಣಿಗೆ ಹನಿ ಹಾಕಿ ಮುಕ್ಕಾಲು ಗಂಟೆ ಕೂರಿಸಿದರು. ಅತ್ತೆ ಕಣ್ಣು ಮುಚ್ಚಿಕೊಂಡು ಬೆಂಚಿನ ಮೇಲೆ ಕುಳಿತು, ಪಕ್ಕದ ನಾಪೋಕ್ಲಿನ ಹೆಂಗಸಿನ ಹತ್ತಿರ ಮೆಣಸಿನ ಬಳ್ಳಿಯ ಸೊರಗು ರೋಗದ ಬಗ್ಗೆ ಮಾತಾಡುತ್ತಿದ್ದರು. ನಾನು ಗೋಡೆಯ ಮೇಲಿದ್ದ ಕಣ್ಣಿನ ಚಿತ್ರದ ಭಾಗಗಳನ್ನೆಲ್ಲ ಎರಡು ಸಲ ಓದಿದೆ. ನಾನೇ ಒಂಬತ್ತು ವರ್ಷದಿಂದ ಕಲಿಸುತ್ತಿರುವ ಪಾಠ.

ಡಾಕ್ಟರ್ ನಡುವಯಸ್ಸಿನ ಹೆಂಗಸು. ಅತ್ತೆಯ ಗಲ್ಲವನ್ನು ಯಂತ್ರದ ಮೇಲೆ ಇಡಿಸಿ ಬಹಳ ಹೊತ್ತು ನೋಡಿದರು.

"ಎರಡೂ ಕಣ್ಣಿಗೆ ಪೊರೆ. ಬಲಗಡೆದು ಚೆನ್ನಾಗಿ ಬಲಿತುಬಿಟ್ಟಿದೆ. ಇಷ್ಟು ದಿನ ಹೇಗೆ ಸುಧಾರಿಸಿದ್ರಿ ಅಮ್ಮಾ?"

"ಎಲ್ಲಾ ಅದ್ರದ್ರ ಜಾಗದಲ್ಲೇ ಇರ್ತಿತ್ತಲ" ಎಂದರು ಅತ್ತೆ.

"ಹಿಂದಿನ ನರ, ಡಾಕ್ಟರ್? ಒತ್ತಡ?" ಎಂದು ಕೇಳಿದೆ.

"ಒತ್ತಡ ನಾರ್ಮಲ್. ಹಿಂದೆ, ಪೊರೆ ಸಂದಿಯಲ್ಲಿ ಕಂಡಷ್ಟು ಚೆನ್ನಾಗಿದೆ, ಸ್ಕ್ಯಾನೂ ಹಾಗೇ ಹೇಳ್ತಿದೆ. ಆಪರೇಷನ್ ಮಾಡಿದ್ರೆ ಕಾಣುತ್ತೆ."

"ಕಾಣುತ್ತಾ?"

"ಕಾಣುತ್ತೆ."

ಇನ್ನೊಂದು ಸಲ ಕೇಳಬೇಕೆನಿಸಿತು. ಕೇಳಲಿಲ್ಲ, ಹೊರಗೆ ಬಂದು ನೀರಿನ ಕ್ಯಾನಿನ ಪಕ್ಕ ನಿಂತು ಎರಡು ಲೋಟ ನೀರು ಕುಡಿದೆ. ನಾಲ್ಕು ತಿಂಗಳಿಂದ ಭುಜ ಬಿಗಿಹಿಡಿದುಕೊಂಡೇ ಓಡಾಡುತ್ತಿದ್ದೆ ಎಂಬುದು ಆ ಭುಜ ಇಳಿದಾಗಲೇ ತಿಳಿಯಿತು. ಶಶಿಧರ ಔಷಧಿ ಚೀಟಿ ಹಿಡಿದು ಬಂದು ನನ್ನ ಮುಖ ನೋಡಿ, "ಹೋಟ್ಲಿಗೆ ಹೋಗೋಣ. ನಂಗೆ ಹಸಿವಾಗ್ತಿದೆ" ಎಂದ. ನನಗೂ ಹಸಿವಾಗಿತ್ತು. ನಾನು ಮೂರು ಪೂರಿ ತಿಂದೆ.

ಏಪ್ರಿಲ್ ಎರಡನೆಯ ವಾರ ಬಲಗಣ್ಣಿನ ಆಪರೇಷನ್ ಆಯಿತು. ಎಡಗಣ್ಣಿಗೆ ಒಂದು ತಿಂಗಳು ಬಿಟ್ಟು ಎಂದರು. ಪಟ್ಟಿ ಬಿಚ್ಚಿದ ದಿನ ಅತ್ತೆ ಮನೆಗೆ ಬಂದು ಅಡುಗೆಮನೆಯ ನಡುವೆ ನಿಂತು ಸುತ್ತ ನೋಡಿದರು.

"ಗೋಡೆ ಎಷ್ಟು ಕೊಳೆ ಆಗುಟ್ಟು ಕಾವ್ಯ" ಎಂದರು. "ಯಾರೂ ಹೇಳ್ತ್‌ಲೆ ಅಲ ನಂಗೆ."

ಒಲೆಯ ಹತ್ತಿರ ಹೋಗಬಾರದು, ಬಗ್ಗಬಾರದು, ಕಣ್ಣಿಗೆ ನೀರು ತಾಗಿಸಬಾರದು ಎಂದು ಡಾಕ್ಟರ್ ಹೇಳಿದ್ದರು. ಮೂರು ವಾರ ಅತ್ತೆ ಕಪ್ಪು ಕನ್ನಡಕ ಹಾಕಿ ಕುರ್ಚಿಯಲ್ಲಿ ಕುಳಿತು ನನ್ನ ಅಡುಗೆಯನ್ನು ನೋಡಿದರು. ನಾನು ಈರುಳ್ಳಿ ಹೆಚ್ಚುವ ರೀತಿ ಬಹಳ ದಿನಗಳ ಮೇಲೆ ಅವರ ಕಣ್ಣಿಗೆ ಸ್ಪಷ್ಟವಾಗಿ ಬಿತ್ತು. ಅದರ ಬಗ್ಗೆ ಹೆಚ್ಚು ಬರೆಯುವುದಿಲ್ಲ.

ನಾಲ್ಕನೆಯ ವಾರ, ಡಾಕ್ಟರ್ ಒಪ್ಪಿದ ಮೇಲೆ, ಮೂವರೂ ಉದಯನ ಅಂಗಡಿಗೆ ಹೋದೆವು. ಈ ಸಲ ಚೂರುಗಳನ್ನಲ್ಲ, ನಿಲ್ಲಿಸಿದ ಇಡೀ ಹಲಗೆಗಳನ್ನೇ ನೋಡೋಣ ಎಂದೆ. ಅತ್ತೆ ಸಾಲಿನ ಉದ್ದಕ್ಕೂ ನಡೆದರು. ಅಚ್ಚ ಬಿಳಿಯ ಆರ್ವೆನಾದ ಮುಂದೆ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ನಿಂತರು. "ಆಸ್ಪತ್ರೆ ಹಾಂಗೆ ಉಟ್ಟು" ಎಂದು ಮುಂದೆ ಹೋದರು. ಮೆರಿಡಾನ್‌ನ ಬೂದು ಗೆರೆಗಳನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಕಣ್ಣಿನಲ್ಲೇ ಹಿಂಬಾಲಿಸಿದರು. ನೋಡಲು ಚಂದ, ಆದರೆ ದಿನಾ ಕೊಳೆಯೋ ಗೆರೆಯೋ ಎಂದು ನೋಡುತ್ತಾ ಕೂರಬೇಕು ಎಂದರು. ಅದಕ್ಕೆ ವಾರಂಟಿ ಜಾಸ್ತಿ ಎಂದು ಉದಯ ನೆನಪಿಸಿದ. ಕೊನೆಗೆ ಕಲ್ಡೋರಾದ ಒಂದರ ಮುಂದೆ ನಿಂತರು. ತಿಳಿ ಬೂದು ಬಣ್ಣ, ಒಳಗೆ ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕಿ.

"ಇದ್ರ ಮೇಲೆ ಅಕ್ಕಿನೂ ಕಾಣ್ತದೆ, ಮೆಣಸೂ ಕಾಣ್ತದೆ. ಇದ್ ಸಾಕ್. ನಿನ್ನ ಪುಸ್ತಕ ಎಂತ ಹೇಳ್ತದೆ?"

ನೋಟುಬುಕ್ಕು ಬಿಡಿಸಿದೆ. "ಅರಿಶಿನ ಹಿಡಿಯಲ್ಲ. ಬಿಸಿ ಪಾತ್ರೆ ನೇರ ಇಡೋ ಹಾಗಿಲ್ಲ."

"ಬಿಸಿ ಪಾತ್ರೆ ಇಡುದು ಶಶಿ. ಅವನಿಗೆ ಹೇಳ್."

ಉದಯ ನನ್ನನ್ನೂ ಅತ್ತೆಯನ್ನೂ ನೋಡಿದ. "ಅಮ್ಮ, ನೀವು ಹತ್ತು ನಿಮಿಷ ತಗೊಂಡ್ರಿ. ಟೀಚರ್ ನಾಲ್ಕು ತಿಂಗಳು ತಗೊಂಡ್ರು. ಮೊದ್ಲೇ ನಿಮ್ಮನ್ನ ಕರ್ಕೊಂಡು ಬರಬೌದಿತ್ತು."

"ಮೊದ್ಲು ಬಂದಿದ್ರೆ ನಾ ನಿನ್ನ ಅಂಗಡಿಲಿ ಎಲ್ಲಾ ಹಳದಿ ಅಂತ ಹೇಳ್ತಿದ್ದೆ. ನಿನ್ನ ವ್ಯಾಪಾರ ಹಾಳಾಗ್ತಿತ್ತ್."

ಅವನಿಗೆ ಅರ್ಥವಾಗಲಿಲ್ಲ. ಬಿಲ್ ಪುಸ್ತಕ ತೆಗೆದು, "ಫೈನಲ್ ಅಳತೆಗೆ ಯಾವತ್ತು ಜನ ಕಳಿಸ್ಲಿ? ಹಳೇ ಕಲ್ಲು ಕಿತ್ತು, ಕಪಾಟು ಕೂರಿಸಿ, ಒಂದು ವಾರ ಅಡುಗೆಮನೆ ಬಿಡಬೇಕಾಗುತ್ತೆ" ಎಂದ.

ಈ ಪ್ರಶ್ನೆಗೆ ನನ್ನ ಬಳಿ ಯಾವತ್ತೂ ಒಂದು ನೆಪ ಸಿದ್ಧವಿರುತ್ತಿತ್ತು. ಪರೀಕ್ಷೆ ಪೇಪರು, ನೆಂಟರು, ಅಮಾವಾಸ್ಯೆ. ಅಭ್ಯಾಸಬಲದಿಂದ ಅತ್ತೆಯ ಕಡೆ ತಿರುಗಿದೆ. "ಎಲ್ಲ ಸಾಮಾನೂ ಇಳಿಸಬೇಕಾಗುತ್ತೆ ಅತ್ತೆ. ಮತ್ತೆ ಜೋಡಿಸುವಾಗ ಯಾವುದು ಎಲ್ಲಿ ಇತ್ತು ಅಂತ ನೀವೇ ಹೇಳಬೇಕು. ಬೇಕಾದರೆ ಒಂದು ಪಟ್ಟಿ ಮಾಡಿಕೊಳ್ಳುತ್ತೇನೆ."

"ಪಟ್ಟಿ ಬೊತ್ತು" ಎಂದರು ಅತ್ತೆ, ಕಲ್ಲಿನ ಚುಕ್ಕಿಗಳನ್ನು ಇನ್ನೂ ನೋಡುತ್ತಲೇ. "ನಿಂಗೆ ಎಲ್ಲಿ ಸಮ ಕಾಣ್ತದೆ ಅಲ್ಲಿ ಇಡ್. ನಾ ನೋಡಿ ತಕ್ಕಂಬೆ."

ನಾನು ನೋಟುಬುಕ್ಕು ಮುಚ್ಚಿದೆ. "ನಾಳೆಯೇ ಕಳಿಸಿ ಉದಯ" ಎಂದೆ. "ಬೆಳಿಗ್ಗೆ ಒಂಬತ್ತರೊಳಗೆ."